ಮೊಟ್ಟೆ ಕೋಳಿಗಳ ಕೊಕ್ಕು ಕತ್ತರಿಸುವುದೇಕೆ? ಅವಕ್ಕೆ ನೋವಾಗುವುದಿಲ್ಲವೇ?

ಮೊಟ್ಟೆಗಾಗಿ ಸಾಕುವ ಕೋಳಿಗಳ ಕೊಕ್ಕಿನ ತುದಿಯನ್ನು ಮರಿಯಾಗಿದ್ದಾಗಲೇ ಕತ್ತರಿಸುವುದು ಫಾರಂಗಳಲ್ಲಿ ಮಾಮೂಲು. ಸಾವಿರಾರು ಕೋಳಿಗಳನ್ನು ಒಂದೆಡೆ ಕೂಡಿದಾಗ ಅವು ಒಂದನ್ನೊಂದು ಕುಕ್ಕಿ ಗರಿ ಕೀಳುತ್ತವೆ. ರಕ್ತ ಕಂಡರಂತೂ ಉಳಿದವೂ ಮುಗಿಬೀಳುತ್ತವೆ, ಕೆಲವು ಸತ್ತೇ ಹೋಗುತ್ತವೆ. ಕೆಲವೇ ವಾರಗಳಲ್ಲಿ ಮಾಂಸಕ್ಕೆ ಹೋಗುವ ಬ್ರಾಯ್ಲರ್‌ಗಳಿಗೆ ಸಾಮಾನ್ಯವಾಗಿ ಈ ಕತ್ತರಿ ಇಲ್ಲ.

ಹಾಗಾದರೆ ಇದು ಉಗುರು ಕತ್ತರಿಸಿದಂತೆಯೇ? ಖಂಡಿತ ಅಲ್ಲ. ಕೊಕ್ಕಿನ ಗಟ್ಟಿ ಪದರದೊಳಗೆ ಮೂಳೆ, ರಕ್ತನಾಳ, ನರಗಳಿವೆ. ಕಾಳು ಹೆಕ್ಕಲು, ಗರಿ ಓರಣ ಮಾಡಿಕೊಳ್ಳಲು ಕೋಳಿಗೆ ಅದೇ ಕೈ. ಕಾದ ಬ್ಲೇಡ್‌ನಿಂದ ಕತ್ತರಿಸಿದಾಗ ತುಂಡಾದ ನರದ ತುದಿ ಗಂಟುಗಟ್ಟಿ, ನೋವು ಬಹುಕಾಲ ಉಳಿಯಬಹುದು. ಕೋಳಿ ಬೆಳೆದಷ್ಟೂ ಈ ಅಪಾಯ ಹೆಚ್ಚು. ಮರಿ ಹುಟ್ಟಿದ ದಿನವೇ ಇನ್‌ಫ್ರಾರೆಡ್ ಕಿರಣ ಹಾಯಿಸಿದರೆ ತೆರೆದ ಗಾಯವಾಗದು, ತುದಿ ಕ್ರಮೇಣ ಸವೆದು ಉದುರುತ್ತದೆ. ನೋವೇ ಇಲ್ಲವೆಂದಲ್ಲ.

2016ರಿಂದ ಪೂರ್ತಿ ನಿಷೇಧಿಸಲು ಹೊರಟಿದ್ದ ಬ್ರಿಟನ್, ಕುಕ್ಕಾಟದಿಂದ ಕೋಳಿಗಳು ಇನ್ನಷ್ಟು ನರಳಬಹುದೆಂದು ಹಿಂದೆ ಸರಿಯಿತು. ಜರ್ಮನಿಯ ಮೊಟ್ಟೆ ಉದ್ಯಮ ಮಾತ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು 2017ರ ಹೊತ್ತಿಗೆ ಈ ಪದ್ಧತಿ ಕೈಬಿಟ್ಟಿತು. ಕೆದಕಲು ಒಣಹುಲ್ಲು, ಮಂದ ಬೆಳಕು, ಪ್ರೋಟೀನ್ ಕೊರತೆಯಿಲ್ಲದ ಆಹಾರ, ಜಗಳಗಂಟಿಯಲ್ಲದ ತಳಿ ಇದ್ದರೆ ಕುಕ್ಕಾಟ ತಗ್ಗುತ್ತದೆ. ಆದರೆ ಭಾರತದ ದೊಡ್ಡ ಮೊಟ್ಟೆ ಫಾರಂಗಳಲ್ಲಿ ಹೆಚ್ಚಿನವು ತಂತಿ ಪಂಜರದವು. ಅಲ್ಲಿ ಕೆದಕಲು ನೆಲವೇ ಇಲ್ಲ.