ಚಂಡೆ ಕೇಳ್ತು, ಅರ್ಥ ಕೇಳ್ತಿಲ್ಲೆ: ಹೋಂ ಥಿಯೇಟರ್ ಜೋಡಣೆಯಲ್ಲಿ ನಾನು ಮಾಡಿದ ತಪ್ಪುಗಳು

ಇವತ್ತು ಹೋಂ ಥಿಯೇಟರ್ ವಿಷಯ. ಬೆಂಗಳೂರಲ್ಲಿ ನಾನು ಬಳಸ್ತಿದ್ದ ಹಳೇ 5.1 ಸೆಟ್ಟನ್ನ ಈ ಸಲ ಊರಿಗೆ ತಗೊಂಡು ಹೋದೆ. ಊರು ಅಂದ್ರೆ ಸಿದ್ದಾಪುರ ತಾಲೂಕಿನ ನಿಲ್ಕುಂದ. ಅಜ್ಜನಿಗೆ ಈಗ ಕಿವಿ ಸ್ವಲ್ಪ ಮಂದ. ತಾಳಮದ್ದಲೆ ಅಂದ್ರೆ ಪ್ರಾಣ, ಆದ್ರೆ ರಾತ್ರಿ ಹೊರಗೆ ಹೋಗಿ ಕೂರೋಕೆ ಆಗಲ್ಲ. ಪೆನ್‌ಡ್ರೈವ್ ತುಂಬಾ ಪ್ರಸಂಗ ಹಾಕ್ಕೊಂಡು ಹೋಗಿದ್ದೆ.

ಮೊದಲ ದಿನ ರಿಸೀವರ್‌ನಲ್ಲಿ ಸದ್ದೇ ಇಲ್ಲ. ಟಿವಿ ಮಾತ್ರ ಮಾತಾಡ್ತಿತ್ತು. ಕಾರಣ ಸಣ್ಣದು. ಟಿವಿಯ ಸದ್ದು ರಿಸೀವರ್‌ಗೆ ವಾಪಸ್ ಹೋಗೋಕೆ ಎಚ್‌ಡಿಎಂಐ ಕೇಬಲ್ಲಿನಲ್ಲೇ ಒಂದು ದಾರಿ ಇದೆ, ಅದಕ್ಕೆ ಎಆರ್‌ಸಿ ಅಂತಾರೆ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದದ್ದು. ಟಿವಿಯ ಎಲ್ಲಾ ತೂತಿನಲ್ಲೂ ಇದು ಇರಲ್ಲ, ಎಆರ್‌ಸಿ ಅಂತ ಬರೆದಿರೋದ್ರಲ್ಲೇ ಚುಚ್ಚಬೇಕು. ಇನ್ನೊಂದು ತುದಿ ರಿಸೀವರ್‌ನ ಎಚ್‌ಡಿಎಂಐ ‘ಔಟ್’ಗೆ ಹೋಗ್ಬೇಕು, ‘ಇನ್’ಗಲ್ಲ. ಸದ್ದು ರಿಸೀವರ್‌ನ ಒಳಗೆ ಬರ್ತಿದೆ, ಹಾಗಾಗಿ ‘ಇನ್’ ಅಂತ ನಾನೂ ತಿಳ್ಕೊಂಡಿದ್ದೆ. ಆಮೇಲೆ ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ ಆನ್ ಮಾಡಿ. ಎಲ್‌ಜಿಯಲ್ಲಿ ಅದನ್ನ ಸಿಂಪ್‌ಲಿಂಕ್ ಅಂತಾರೆ, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್. ಒಂದೇ ಕೆಲಸಕ್ಕೆ ಯಾಕಿಷ್ಟು ಹೆಸರೋ!

ಸದ್ದು ಬಂತು. ಅಜ್ಜ ಹತ್ತು ನಿಮಿಷ ಕೇಳಿ, “ಚಂಡೆ ಕೇಳ್ತು ತಮಾ, ಅರ್ಥ ಕೇಳ್ತಿಲ್ಲೆ” ಅಂದ್ರು. ಕೇಳುಗರಲ್ಲಿ ಕರಾವಳಿ, ಮಲೆನಾಡಿನವರಲ್ಲದವರಿಗೆ: ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ ಆದ್ಮೇಲೆ ಕೂತಲ್ಲೇ ನಡೆಯೋ ವಾದವೇ ‘ಅರ್ಥ’. ಅದು ಕೇಳದಿದ್ರೆ ಉಳಿಯೋದೇನು?

ಅಜ್ಜನ ಕಿವಿಯದ್ದೇ ತೊಂದರೆ ಅಂತ ವಾಲ್ಯೂಮ್ ಏರಿಸಿದೆ. ಚಂಡೆ ಇನ್ನೂ ಜೋರಾಯ್ತು, ಅಷ್ಟೇ. ಆಮೇಲೆ ನಾನೇ ಎರಡೂ ಸ್ಪೀಕರ್ ನಡುವೆ ಕೂತು ಕೇಳಿದೆ. ಮಾತು ತೆಳ್ಳಗೆ, ಟೊಳ್ಳು. ಯಾವ ಕಡೆಯಿಂದ ಬರ್ತಿದೆ ಅಂತಾನೇ ಗೊತ್ತಾಗ್ತಿಲ್ಲ.

ಪ್ರತಿ ಸ್ಪೀಕರ್‌ಗೆ ಕೆಂಪು, ಕಪ್ಪು ಎರಡು ಕೊಂಡಿ ಇರುತ್ತೆ. ಒಂದರಲ್ಲಿ ವೈರು ಅದಲುಬದಲಾದ್ರೆ, ಎಡಗಡೆ ಕೋನ್ ಮುಂದೆ ಬರುವಾಗ ಬಲಗಡೆಯದ್ದು ಹಿಂದೆ ಹೋಗುತ್ತೆ. ಎರಡೂ ಕಡೆ ಸಮನಾಗಿ ರೆಕಾರ್ಡ್ ಆದ ಸದ್ದು, ಅಂದ್ರೆ ನಡುವಿನ ಮಾತು, ಒಂದನ್ನೊಂದು ತಿಂದುಹಾಕುತ್ತೆ. ನನ್ನ ರೆಕಾರ್ಡಿಂಗ್‌ನಲ್ಲಿ ಚಂಡೆ ಒಂದು ಬದಿಗಿತ್ತು, ಹಾಗಾಗಿ ಅದಕ್ಕೇನೂ ಆಗ್ಲಿಲ್ಲ. ವೈರು ಗಿಡ್ಡ ಬಿತ್ತು ಅಂತ ನಡುವೆ ಒಂದು ತುಂಡು ಸೇರಿಸಿ ಟೇಪ್ ಸುತ್ತಿದ್ದೆನಲ್ಲ, ಅಲ್ಲೇ ಎಳೆ ತಿರುಗಿಬಿಟ್ಟಿತ್ತು.

ಅನುಮಾನ ಬಂದ್ರೆ ಹೀಗೆ ನೋಡಿ: ರಿಸೀವರ್‌ನ ಪ್ಲಗ್ ಕಿತ್ತು, ಒಂದೇ ಸ್ಪೀಕರ್‌ನ ಎರಡು ವೈರು ಬದಲಿಸಿ ಮತ್ತೆ ಕೇಳಿ. ಎರಡೂ ಸ್ಪೀಕರ್‌ನಲ್ಲಿ ಬದಲಿಸಿದ್ರೆ ಇದ್ದ ಹಾಗೇ ಆಗುತ್ತೆ! ಸರಿಯಿದ್ದಾಗ ಮಾತು ಎರಡರ ಮಧ್ಯದಿಂದ, ಗೋಡೆಯಿಂದಲೇ ಬಂದ ಹಾಗಿರುತ್ತೆ. ಬಿಚ್ಚಿದ ತಾಮ್ರದ ಎಳೆಗಳು ಒಂದಕ್ಕೊಂದು ತಾಗಬಾರದು, ರಿಸೀವರ್ ಸುಟ್ಟೀತು.

ಇಷ್ಟಾದ್ಮೇಲೂ ನಡುವಿನ ಸೆಂಟರ್ ಸ್ಪೀಕರ್ ಸುಮ್ಮನಿತ್ತು. ರೆಕಾರ್ಡಿಂಗ್ ಬರೀ ಎರಡು ಚಾನೆಲ್‌ನದ್ದು, ರಿಸೀವರ್ ಸ್ಟೀರಿಯೋ ಮೋಡ್‌ನಲ್ಲಿತ್ತು. ಪ್ರೊ ಲಾಜಿಕ್ ಅಂತ ಒಂದು ಮೋಡ್ ಇದೆ, ಹೊಸದರಲ್ಲಿ ಡಾಲ್ಬಿ ಸರೌಂಡ್ ಅಂತಿರುತ್ತೆ. ಅದು ಎರಡೂ ಕಡೆ ಸಮನಾಗಿರೋದನ್ನ ಹೆಕ್ಕಿ ಸೆಂಟರ್‌ಗೆ ಕೊಡುತ್ತೆ. ಅದನ್ನ ಹಾಕಿ, ಸೆಂಟರ್ ಮಟ್ಟವನ್ನ ಮೂರು ಡೆಸಿಬೆಲ್ ಏರಿಸಿದೆ. ವಯಸ್ಸಾದವರಿರೋ ಮನೆಯಲ್ಲಿ ಸಬ್‌ವೂಫರ್‌ಗಿಂತ ಈ ಒಂದು ಸೆಟ್ಟಿಂಗ್ ದೊಡ್ಡದು ಅಂತ ನನಗನ್ಸುತ್ತೆ.

ಇನ್ನು ಸಿಡಿಲು. ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗಿಗೆ ಟಿವಿ ಸುಡೋದು ಹೊಸದಲ್ಲ. ಸ್ವಿಚ್ ಆರಿಸಿದ್ರೆ ಸಾಲದು, ಪ್ಲಗ್ ಕೀಳಬೇಕು, ಡಿಶ್ ಕೇಬಲ್ಲೂ ಬಿಚ್ಚಬೇಕು. ಡಿಶ್ ಕೇಬಲ್ಲಿನಿಂದ ಬಂದ ಕರೆಂಟು ಸೆಟ್ ಟಾಪ್ ಬಾಕ್ಸ್, ಟಿವಿ, ಎಚ್‌ಡಿಎಂಐ ಹಿಡ್ಕೊಂಡು ರಿಸೀವರ್ ತನಕ ಹೋಗಬಲ್ಲದು. ಮೋಡ ಕಟ್ಟಿದಾಗಲೇ ಬಿಚ್ಚಿ, ಗುಡುಗು ಶುರುವಾದ್ಮೇಲೆ ಯಾವ ವೈರನ್ನೂ ಮುಟ್ಟಬೇಡಿ.

ಇದೇ ಕಾರಣಕ್ಕೆ ನಾನು ಕೊನೆಗೆ ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಬೆಳಕು ಹೋಗುತ್ತೆ, ಕರೆಂಟು ಹೋಗಲ್ಲ. ಟಿವಿ ಸುಟ್ಟರೂ ಆ ದಾರಿಯಲ್ಲಿ ರಿಸೀವರ್‌ಗೆ ಪೆಟ್ಟಿಲ್ಲ. ಆದ್ರೂ ರಿಸೀವರ್‌ನ ಪ್ಲಗ್ ಕೀಳಲೇಬೇಕು. ಹೊಸ ಆಪ್ಟಿಕಲ್ ಕೇಬಲ್ ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತೆ, ತೆಗೆದು ಹಾಕಿ. ಜಾಸ್ತಿ ಮಡಚಬೇಡಿ.

ಆ ರಾತ್ರಿ ‘ಕರ್ಣಭೇದನ’ ಹಾಕಿದೆ. ಕರ್ಣನಿಗೆ ಕೃಷ್ಣ ಅವನ ಹುಟ್ಟಿನ ಗುಟ್ಟು ಹೇಳೋ ಭಾಗ. ಆಯಿ ಅಡುಗೆಮನೆಯಿಂದ ಎರಡು ಸಲ ಊಟಕ್ಕೆ ಕರೆದ್ರು. ಅಜ್ಜ ಏಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಸ್ಪೀಕರ್ ಕಡೆ ಕೈ ತೋರಿಸಿ, “ಕರ್ಣ ಹೀಂಗೆ ಹೇಳಲಾಗ!” ಅಂತ ಅರ್ಥಧಾರಿಯ ಜೊತೆ ವಾದಕ್ಕೇ ಇಳಿದ್ರು.