ಬೆಳ್ಳೂರಿನ ಯೋಗಾಚಾರ್ಯರೂ ಮುಂಬಯಿಯ ಬಳಗವೂ

ಆರೋಗ್ಯದ ಮಾತೆತ್ತಿದರೆ ಮುಂಬಯಿವಾಸಿಯ ಬಾಯಿಂದ ಮೊದಲು ಹೊರಡುವುದು ‘ಪುರಸೊತ್ತಿಲ್ಲ’ ಎಂಬ ಉತ್ತರ. ಡೊಂಬಿವಲಿಯಿಂದಲೋ ಬೊರಿವಲಿಯಿಂದಲೋ ಲೋಕಲ್ ಹಿಡಿದು ಕಚೇರಿ ಸೇರುವವನಿಗೆ ವ್ಯಾಯಾಮವೆಂಬುದು ನಿವೃತ್ತಿಯ ನಂತರದ ಕನಸು. ಇಂತಹ ನಗರಕ್ಕೆ ವಾರವಾರವೂ ಪುಣೆಯಿಂದ ಬಂದು, ಪುರಸೊತ್ತಿಲ್ಲದವರನ್ನೇ ಕಲೆಹಾಕಿ ಯೋಗಾಭ್ಯಾಸಿಗಳ ಒಂದು ಬಳಗವನ್ನು ಕಟ್ಟಿದವರು ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್. ಅವರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಹೆಸರಿನ ಮೊದಲ ಅಕ್ಷರ ಆ ಹಳ್ಳಿಯದೇ.

1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಹಾಮಾರಿಯು ದೇಶವನ್ನು ನಡುಗಿಸುತ್ತಿದ್ದಾಗ ಜನಿಸಿದ ಸುಂದರರಾಜರು ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವರು. ಶಾಲಾ ಉಪಾಧ್ಯಾಯರಾಗಿದ್ದ ತಂದೆ ಮಗನ ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಲೇರಿಯಾ, ಟೈಫಾಯಿಡ್, ಕ್ಷಯಗಳು ಬಾಲಕನನ್ನು ಸರದಿಯಂತೆ ಕಾಡಿದವು. ಕೈಕಾಲು ಕಡ್ಡಿಯಂತೆ, ತಲೆಯನ್ನು ನೆಟ್ಟಗೆ ಹೊರುವುದೂ ಕಷ್ಟ. 1934ರಲ್ಲಿ ಮೈಸೂರಿನ ಅಕ್ಕನ ಮನೆ ಸೇರಿದ ಆ ಹುಡುಗನಿಗೆ ಯೋಗವು ದೊರೆತದ್ದು ಭಾವ ತಿರುಮಲೈ ಕೃಷ್ಣಮಾಚಾರ್ಯರಿಂದ. ಅವರು ಮಹಾರಾಜರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದರು. ಗುರುವಿನ ಶಿಸ್ತು ಕಠೋರವಾಗಿತ್ತು. ಆದರೆ ಬಿಡದೆ ನಡೆದ ಅಭ್ಯಾಸದಿಂದ ರೋಗಿಷ್ಠ ದೇಹ ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು.

1937ರಲ್ಲಿ, ಇನ್ನೂ ಹದಿನೆಂಟರ ತರುಣರಾಗಿದ್ದ ಅವರನ್ನು ಆರು ತಿಂಗಳ ಮಟ್ಟಿಗೆಂದು ಪುಣೆಯ ಡೆಕ್ಕನ್ ಜಿಮಖಾನಕ್ಕೆ ಕಳುಹಿಸಲಾಯಿತು. ಮರಾಠಿ ಬಾರದು, ಬಂಧುಬಳಗವಿಲ್ಲ, ಕಲಿಯಲು ಬಂದವರೋ ಕಲಿಸುವವರಿಗಿಂತ ಬಲಶಾಲಿಗಳು. ಅವಧಿ ಮುಗಿದ ಮೇಲೂ ಅವರು ಅಲ್ಲಿಯೇ ನಿಂತರು. ಶಿಷ್ಯರು ಬೆರಳೆಣಿಕೆಯಷ್ಟು, ಎಷ್ಟೋ ದಿನ ಒಪ್ಪೊತ್ತಿನ ಊಟಕ್ಕೂ ತತ್ವಾರ. ಯೋಗವೆಂದರೆ ಸಂನ್ಯಾಸಿಗಳ ವಿದ್ಯೆ, ಇಲ್ಲವೇ ಜಾತ್ರೆಯ ಚಮತ್ಕಾರ ಎಂದು ಜನ ಭಾವಿಸಿದ್ದ ಕಾಲವದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಪರಭಾಷೆಯ ನಡುವೆ ನೆಲೆಯೂರಿದ ಮುಂಬಯಿ ಕನ್ನಡಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂಬಯಿಯು ಅವರ ಬದುಕಿಗೆ ತಿರುವು ಕೊಟ್ಟದ್ದು 1952ರಲ್ಲಿ. ಭಾರತ ಪ್ರವಾಸದಲ್ಲಿದ್ದ ವಿಶ್ವವಿಖ್ಯಾತ ಪಿಟೀಲು ವಾದಕ ಯಹೂದಿ ಮೆನುಹಿನ್ ಅವರನ್ನು ಭೇಟಿಯಾಗಲು ಅಯ್ಯಂಗಾರ್ ಇಲ್ಲಿಗೆ ಬಂದರು. ದೊರೆತದ್ದು ಐದು ನಿಮಿಷಗಳ ಅವಕಾಶ. ದಣಿದ ಕಲಾವಿದನನ್ನು ಮಲಗಿಸಿ ವಿಶ್ರಾಂತಿಯ ಕ್ರಮವನ್ನು ತೋರಿಸಿದಾಗ ಮೆನುಹಿನ್ ಗಾಢನಿದ್ರೆಗೆ ಜಾರಿದರು. ಐದು ನಿಮಿಷಗಳ ಭೇಟಿ ಮೂರು ತಾಸುಗಳನ್ನು ಮೀರಿತು. ಅವರ ಆಹ್ವಾನದಿಂದ 1954ರಲ್ಲಿ ಅಯ್ಯಂಗಾರ್ ಸ್ವಿಟ್ಸರ್ಲೆಂಡಿಗೆ ತೆರಳಿದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಳ್ಳಲ್ಲ. ವಿದೇಶದವರು ತಲೆದೂಗಿದ ಬಳಿಕವೇ ನಮ್ಮವರ ಕಣ್ಣು ಅವರತ್ತ ಹೊರಳಿತು.

ಆದರೆ ಕೀರ್ತಿಯಿಂದ ಬಳಗ ಕಟ್ಟಲಾಗದು. ಮುಂಬಯಿಯಲ್ಲಿ ಅದನ್ನು ಕಟ್ಟಿದ್ದು 1950ರ ದಶಕದಲ್ಲಿ ಆರಂಭವಾದ ವಾರಾಂತ್ಯದ ತರಗತಿಗಳು. ಪುಣೆಗೂ ಮುಂಬಯಿಗೂ ನಡುವೆ 192 ಕಿಲೋಮೀಟರುಗಳ ರೈಲುದಾರಿ. ಮುಂದೆ ಜಗತ್ತೆಲ್ಲ ಕರೆದಾಗಲೂ ದಶಕಗಳ ಕಾಲ ಅವರು ಈ ಪಾಠಗಳನ್ನು ನಡೆಸಿಕೊಂಡು ಬಂದರು. ಸ್ವಂತ ಕಟ್ಟಡವೇನೂ ಇರಲಿಲ್ಲ; ಬಹುಕಾಲ ಕ್ಯಾಂಪಿಯನ್ ಶಾಲೆಯ ಸಭಾಂಗಣವೇ ಯೋಗಶಾಲೆ. ಅಲ್ಲಿ ಕಲಿತವರೇ ಮುಂದೆ ಕಲಿಸುವವರಾದರು. ಇಂದು ಲೋವರ್ ಪರೇಲ್‌ನಲ್ಲಿರುವ ಅಯ್ಯಂಗಾರ್ ಯೋಗಾಶ್ರಯವು ಆ ಪರಂಪರೆಯ ಫಲ.

ಅವರ ಬೋಧನೆಯಲ್ಲಿ ಎರಡು ವಿಶೇಷಗಳಿದ್ದವು. ಮೊದಲನೆಯದು ನಿಖರತೆ: ಪಾದದ ಅಂಚು, ಮಂಡಿಯ ಚಿಪ್ಪು, ಹೆಗಲ ಮೂಳೆ, ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿರಬೇಕು. ತಪ್ಪಿದರೆ ಗದರುತ್ತಿದ್ದರು, ತಟ್ಟಿ ತಿದ್ದುತ್ತಿದ್ದರು. ಅವರ ಕೋಪ ಪ್ರಸಿದ್ಧವಾಗಿತ್ತು. ಎರಡನೆಯದು ಕರುಣೆ. ನೆಲ ಮುಟ್ಟದ ಕೈಗೆ ಮರದ ಇಟ್ಟಿಗೆ, ಕಾಲ್ಬೆರಳಿಗೆ ನಿಲುಕದವರಿಗೆ ಪಟ್ಟಿ, ಬೆನ್ನಿಗೆ ದಿಂಬು, ವೃದ್ಧರಿಗೆ ಕುರ್ಚಿ, ಗೋಡೆಗೆ ಹಗ್ಗ. ಈ ಸಾಧನಗಳಿಂದಾಗಿ ಯೋಗವು ಬಳುಕುವ ದೇಹದವರ ಸ್ವತ್ತಾಗಿ ಉಳಿಯಲಿಲ್ಲ. ಮಂಡಿನೋವಿನ ಗೃಹಿಣಿಗೂ ಬೆನ್ನು ಬಾಗಿದ ಗುಮಾಸ್ತನಿಗೂ ಅಲ್ಲಿ ಎಡೆ ದೊರೆಯಿತು. ಬಳಗವು ಬೆಳೆದುದರ ಗುಟ್ಟು ಇದೇ.

ಈ ಸಾಧನಗಳ ಬೆಲೆಯನ್ನು ಅವರು ಸ್ವತಃ ಅನುಭವಿಸಿ ಅರಿತರು. 1966ರಲ್ಲಿ ‘ಲೈಟ್ ಆನ್ ಯೋಗ’ ಗ್ರಂಥದ ನೂರಾರು ಛಾಯಾಚಿತ್ರಗಳಲ್ಲಿ ದುಸ್ಸಾಧ್ಯವಾದ ಆಸನಗಳನ್ನು ಲೀಲಾಜಾಲವಾಗಿ ತೋರಿದ್ದ ದೇಹವು 1979ರಲ್ಲಿ ಸ್ಕೂಟರ್ ಅಪಘಾತಕ್ಕೆ ಸಿಲುಕಿತು. ಅರವತ್ತರ ವಯಸ್ಸಿನಲ್ಲಿ ಸುಲಭದ ಆಸನಗಳೂ ಕೈಗೂಡದಾದವು. ಅವರು ವರ್ಷಗಳ ಕಾಲ ಹೊಸ ವಿದ್ಯಾರ್ಥಿಯಂತೆ ಮೊದಲ ಪಾಠದಿಂದ ಅಭ್ಯಾಸ ಮಾಡಿ ಚೇತರಿಸಿಕೊಂಡರು. ತೊಂಬತ್ತು ದಾಟಿದ ಮೇಲೂ ದಿನದ ಅಭ್ಯಾಸವನ್ನು ಬಿಡಲಿಲ್ಲ.

ಈ ಜೀವನದಿಂದ ನಮ್ಮ ವಾಚಕರು ಗ್ರಹಿಸಬೇಕಾದ ಪಾಠ ಸರಳವಾದುದು. ತಿಂಗಳ ಸಂಬಳದಲ್ಲಿ ಸಣ್ಣ ಕಂತನ್ನು ತಪ್ಪದೆ ಕಟ್ಟುವವನ ಠೇವಣಿ ಬೆಳೆಯುವಂತೆ, ದಿನಕ್ಕೆ ಇಪ್ಪತ್ತು ನಿಮಿಷಗಳ ಅಭ್ಯಾಸವೂ ಕಾಲಕ್ರಮದಲ್ಲಿ ಫಲ ಕೊಡುತ್ತದೆ. ಆದರೆ ಪುಸ್ತಕವನ್ನು ನೋಡಿ ಏಕಾಏಕಿ ಶೀರ್ಷಾಸನಕ್ಕೆ ತೊಡಗುವುದು ಅಪಾಯಕರ. ಅಧಿಕ ರಕ್ತದೊತ್ತಡ, ಗ್ಲಾಕೋಮಾ, ಕತ್ತಿನ ತೊಂದರೆ ಇರುವವರು ತಲೆಕೆಳಗಾದ ಆಸನಗಳನ್ನು ವರ್ಜಿಸಬೇಕು; ಗರ್ಭಿಣಿಯರೂ ಹೃದ್ರೋಗಿಗಳೂ ವೈದ್ಯರ ಸಲಹೆ ಪಡೆದು, ಅನುಭವಿ ಶಿಕ್ಷಕರ ಮುಂದೆಯೇ ಅಭ್ಯಸಿಸಬೇಕು. ಯೋಗವು ಔಷಧಕ್ಕೆ ಬದಲಿಯಲ್ಲ. ಹೇಳಿಕೇಳದೆ ಗುಳಿಗೆ ನಿಲ್ಲಿಸುವುದು ಸಲ್ಲದು.

2014ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. ಅದೇ ವರ್ಷದ ಆಗಸ್ಟ್ 20ರಂದು, ತೊಂಬತ್ತೈದರ ವಯಸ್ಸಿನಲ್ಲಿ, ಅವರು ಪುಣೆಯಲ್ಲಿ ಕಣ್ಮುಚ್ಚಿದರು. ಬಾಲ್ಯದಲ್ಲಿ ಬಿಟ್ಟುಬಂದ ಊರನ್ನು ಅವರು ಮರೆತಿರಲಿಲ್ಲ. ಬೆಳ್ಳೂರಿನಲ್ಲಿ ಇಂದು ಅವರ ಪ್ರಯತ್ನದಿಂದ ಎದ್ದುನಿಂತ ಶಾಲೆಯಿದೆ, ಆಸ್ಪತ್ರೆಯಿದೆ, ಪತಂಜಲಿ ಮಹರ್ಷಿಯ ಗುಡಿಯಿದೆ. ಹುಟ್ಟೂರಿಗೆ ಆಸ್ಪತ್ರೆ, ನೆಲೆಸಿದ ನಾಡಿಗೆ ವಿದ್ಯೆ: ವಲಸೆ ಹೋದ ಜೀವವೊಂದು ಎರಡೂ ಕಡೆಯ ಋಣವನ್ನು ತೀರಿಸಿದ ಬಗೆ ಇದು.