ಉಸಿರೆಳೆದರೆ ಮಡಚುವ ತೋಳು

ನೆದರ್‌ಲ್ಯಾಂಡ್ಸಿನ ವಾಗೆನಿಂಗನ್‌ಗೆ ಬಂದವರು ಯಾರೇ ಆಗಲಿ, ಸೈಕಲ್ ಹತ್ತಲೇಬೇಕು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಕೃಷಿ ವಿಜ್ಞಾನ ಓದಲು ಬರುವ ನಮ್ಮ ಕಡೆಯ ಮಕ್ಕಳೂ ಅಷ್ಟೆ. ನೆದರ್‌ರೈನ್ ನದಿಯ ಏರಿಯ ಮೇಲೆ ಎದುರುಗಾಳಿಗೆ ತಲೆ ತಗ್ಗಿಸಿ, ಮೈಭಾರವನ್ನೆಲ್ಲ ಹ್ಯಾಂಡಲ್ ಮೇಲೆ ಬಿಟ್ಟು ಗಂಟೆಗಟ್ಟಲೆ ತುಳಿದು ಇಳಿದರೆ ಕಿರುಬೆರಳು ಜೋಮು ಹಿಡಿದಿರುತ್ತದೆ. ಪಕ್ಕದ ಉಂಗುರ ಬೆರಳನ್ನು ಮುಟ್ಟಿ ನೋಡಿ: ಅದರಲ್ಲಿ ಅರ್ಧಕ್ಕೆ ಮಾತ್ರ ಜೋಮು! ಒಂದೇ ಬೆರಳು, ಎರಡು ನರಗಳ ಗಡಿ. ಕಿರುಬೆರಳಿನ ಕಡೆಯದು ಅಲ್ನಾರ್ ನರದ ಪಾಲು, ನಡುಬೆರಳಿನ ಕಡೆಯದು ಮೀಡಿಯನ್ ನರದ್ದು. ಮಣಿಕಟ್ಟಿನ ಒಂದು ಇಕ್ಕಟ್ಟಾದ ದಾರಿಯಲ್ಲಿ ಅಲ್ನಾರ್ ಒತ್ತಿಹೋಗಿದೆ, ಅಷ್ಟೆ. ಬರೀ ಒತ್ತಡವಾದರೆ ನರದ ಹೊದಿಕೆಯಷ್ಟೇ ನಲುಗಿರುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ತುಂಡಾದ ನರದ ಕಥೆಯೇ ಬೇರೆ. ಹೊಲಿದು ಸೇರಿಸಿದರೂ ಗಾಯದಿಂದ ಆಚೆಗಿನ ಎಳೆಗಳು ಸಾಯುತ್ತವೆ. ಅವುಗಳ ಖಾಲಿ ಹಾದಿಯಲ್ಲೇ ಹೊಸ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ತೆವಳುತ್ತದೆ. ಮೊಣಕೈಯಿಂದ ಬೆರಳ ತುದಿಗೆ ಒಂದು ವರ್ಷಕ್ಕೂ ಹೆಚ್ಚಿನ ಪಯಣ! ಅದು ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯಲು ಬೆರಳಿಂದ ತಟ್ಟಿದರೆ ಸಾಕು, ಚುರ್ರೆನ್ನುತ್ತದೆ. ಈ ಗುರುತನ್ನು 1915ರಲ್ಲಿ ಜರ್ಮನಿಯ ಪಾಲ್ ಹಾಫ್‌ಮನ್, ಫ್ರಾನ್ಸಿನ ಜೂಲ್ ಟಿನೆಲ್ ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡರು. ಅದೇ ಹೊತ್ತಿಗೆ ಅವರ ದೇಶಗಳು ಒಂದರ ಮೇಲೊಂದು ಗುಂಡು ಹಾರಿಸುತ್ತಿದ್ದವು.

ನಿಧಾನದಲ್ಲಿ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಇನ್ನೂ ವಿಚಿತ್ರ. ವಾತಾವರಣದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ 1963ರ ಸುಮಾರಿಗೆ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ವಿಪರೀತ ಹೆಚ್ಚಿತ್ತು. ಬೆಳೆಗಳ ಮೂಲಕ ಅದು ಎಲ್ಲರ ಮೈ ಸೇರಿತು. ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಅದೇ ಇಂಗಾಲವನ್ನು ಅಳೆದು ತೋರಿಸಿದ್ದೇನು ಗೊತ್ತೇ? ಈ ರಜ್ಜುವಿನ ತಿರುಳು ಸುಮಾರು ಹದಿನೇಳನೇ ವಯಸ್ಸಿನೊಳಗೆ ಕಟ್ಟಿಕೊಂಡು ಮುಗಿಯುತ್ತದೆ, ಆಮೇಲೆ ಹೆಚ್ಚೂಕಡಿಮೆ ಬದಲಾಗುವುದೇ ಇಲ್ಲ. 1963ರ ಸುಮಾರಿಗೆ ಮಂಡ್ಯದ ಹತ್ತು ವರ್ಷದ ಹುಡುಗ ಉಂಡ ರಾಗಿಮುದ್ದೆಯ ಇಂಗಾಲ ಈಗಲೂ ಆ ಅಜ್ಜನ ಹಿಮ್ಮಡಿಯಲ್ಲಿದೆ! ನೋವು ಹಿಡಿದ ರಜ್ಜು ಬೇಗ ವಾಸಿಯಾಗದಿರುವುದಕ್ಕೆ ಈ ನಿಧಾನವೂ ಒಂದು ಕಾರಣವೆಂದು ನನಗನಿಸುತ್ತದೆ. ಹಾಗೆಂದು ಪೂರ್ತಿ ವಿಶ್ರಾಂತಿ ಮದ್ದಲ್ಲ. ಭಾರ ಹೊತ್ತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು 1998ರಲ್ಲಿ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದಾಗಿನಿಂದ, ಭಾರವೇ ಚಿಕಿತ್ಸೆಯ ನಡುಗಂಬವಾಗಿದೆ.

ಇನ್ನು ಎದೆ. ಸೈಕಲ್ಲಿಂದ ಬಿದ್ದು ಪಕ್ಕೆಲುಬು ಮುರಿದರೆ ಹಿಂದೆ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದರು. ಈಗ ಸುತ್ತುವುದಿಲ್ಲ: ನೋವಿಗೆ ಹೆದರಿ ಮೇಲುಮೇಲಷ್ಟೇ ಉಸಿರಾಡಿದರೆ ನ್ಯುಮೋನಿಯಾ ಕಾದಿರುತ್ತದೆ. ನೋವು ತಗ್ಗಿಸಿ, ಆಳವಾಗಿ ಉಸಿರಾಡಿಸುತ್ತಾರೆ. (ಪೆಟ್ಟಿನ ನಂತರ ಉಸಿರುಗಟ್ಟಿದರೆ ಮಾತ್ರ ಒಂದು ಕ್ಷಣವೂ ಕಾಯಬಾರದು, ಆಸ್ಪತ್ರೆಗೆ ಓಡಬೇಕು.)

ಪ್ರತಿ ಪಕ್ಕೆಲುಬಿನ ಕೆಳಗೂ ಒಂದು ನರ ಹರಿಯುತ್ತದೆ, ಉಸಿರಾಟಕ್ಕೆ ನೆರವಾಗಲು. ನನ್ನನ್ನು ಬೆರಗಿನಲ್ಲಿ ನಿಲ್ಲಿಸಿದ್ದು ಈ ನರದ ಕಥೆಯೇ. ಬೈಕ್ ಅಪಘಾತದಲ್ಲಿ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಬೆನ್ನುಹುರಿಯಿಂದಲೇ ಕಿತ್ತುಬಂದರೆ ಅವನ್ನು ಮರಳಿ ಹೊಲಿಯಲು ಬುಡವೇ ಇರುವುದಿಲ್ಲ. ಆಗ ಶಸ್ತ್ರವೈದ್ಯರು ಎದೆಯ ಎರಡು ಮೂರು ನರಗಳನ್ನು ಬಿಡಿಸಿ, ಕಂಕುಳಿನತ್ತ ತಿರುಗಿಸಿ, ಮೊಣಕೈ ಮಡಚುವ ಸ್ನಾಯುವಿನ ನರಕ್ಕೆ ಜೋಡಿಸುತ್ತಾರೆ. ತಡಮಾಡುವಂತಿಲ್ಲ, ಅಪಘಾತವಾದ ಕೆಲವೇ ತಿಂಗಳಲ್ಲಿ ಆಗಬೇಕು, ಇಲ್ಲವಾದರೆ ಸ್ನಾಯುವೇ ಸೊರಗಿಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಒಂದು ದಿನ ರೋಗಿ ದೀರ್ಘವಾಗಿ ಉಸಿರೆಳೆದುಕೊಂಡಾಗ ತೋಳಿನ ಸ್ನಾಯು ಅದುರುತ್ತದೆ! ಕೆಮ್ಮಿದರೂ ಅದುರುತ್ತದೆ. ಮೊಣಕೈ ಮಡಚಬೇಕೆಂದರೆ ಮೊದಲು ಉಸಿರೆಳೆಯಬೇಕು. ಅಭ್ಯಾಸ ಮಾಡುತ್ತ ಹೋದಂತೆ ಮೆದುಳು ಎರಡನ್ನೂ ಬಿಡಿಸಿಕೊಳ್ಳಲು ಕಲಿಯುತ್ತದೆ. ಉಸಿರಾಟಕ್ಕೆಂದೇ ಹುಟ್ಟಿದ ನರ, ಆ ಮನುಷ್ಯ ಮಾತಾಡುತ್ತಿರುವಾಗಲೇ, ಅವನ ಕೈಯಲ್ಲಿನ ಲೋಟವನ್ನು ಬಾಯಿಯತ್ತ ಎತ್ತುತ್ತದೆ.